ಮುರುಡೇಶ್ವರ: ಟಿಕೆಟ್ ಇಲ್ಲದ ಕಡಲಿಗೆ ಹೊಣೆಗಾರರು ಯಾರು?

ಕರ್ನಾಟಕದ 31 ಜಿಲ್ಲೆಗಳ ಪೈಕಿ ಕಡಲತೀರ ಇರುವುದು ಮೂರಕ್ಕೆ ಮಾತ್ರ. ಉಳಿದ 28 ಜಿಲ್ಲೆಗಳ ಬಹುಪಾಲು ಮಕ್ಕಳು ಸಮುದ್ರವನ್ನು ಮೊದಲು ನೋಡುವುದು ಶಾಲಾ ಪ್ರವಾಸದಲ್ಲಿ. ಆ ಪ್ರವಾಸದ ಬಸ್ಸುಗಳು ತಪ್ಪದೆ ನಿಲ್ಲುವ ಊರುಗಳಲ್ಲಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರವೂ ಒಂದು. ಜೋಗ, ಇಡಗುಂಜಿ, ಮುರುಡೇಶ್ವರ, ಕೊಲ್ಲೂರು, ಉಡುಪಿ, ಧರ್ಮಸ್ಥಳ ಎಂಬ ಸರಣಿ ರಾಜ್ಯದ ಶಿಕ್ಷಕರಿಗೂ ಪ್ರವಾಸಿ ಬಸ್ಸಿನ ಚಾಲಕರಿಗೂ ಬಾಯಿಪಾಠವಾಗಿದೆ.

2024ರ ಡಿಸೆಂಬರ್ 10ರ ಸಂಜೆ ಇಂಥದೇ ಒಂದು ಪ್ರವಾಸ ದುರಂತದಲ್ಲಿ ಕೊನೆಗೊಂಡಿತು. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಬಂದಿದ್ದ ವಿದ್ಯಾರ್ಥಿನಿಯರು ಅಲೆಗಳ ಸೆಳೆತಕ್ಕೆ ಸಿಲುಕಿದರು. ಮೂವರನ್ನು ರಕ್ಷಿಸಲು ಸಾಧ್ಯವಾಯಿತು. ನಾಲ್ವರು ಬಾಲಕಿಯರು ಬದುಕಲಿಲ್ಲ. 500 ಕಿಲೋಮೀಟರಿಗೂ ಹೆಚ್ಚು ದೂರದಿಂದ ಕಡಲು ನೋಡಲೆಂದು ಬಂದವರು ಶವವಾಗಿ ಊರಿಗೆ ಮರಳಿದರು. ಮುಖ್ಯಮಂತ್ರಿಗಳು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಪ್ರವಾಸಕ್ಕೆ ಕರೆತಂದ ಶಿಕ್ಷಕರ ಮೇಲೆ ಕ್ರಮ ಜರುಗಿತು. ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಲಾಯಿತು; ನಂತರ ತೀರ ಮತ್ತೆ ತೆರೆಯಿತು.

ಪರಿಹಾರ, ಅಮಾನತು, ನಿರ್ಬಂಧ, ಪುನರಾರಂಭ ಎಂಬ ಈ ಸರದಿ ಕರಾವಳಿಗೆ ಹೊಸದಲ್ಲ. ಪ್ರತಿ ಬಾರಿಯೂ ತನಿಖೆ ಆ ದಿನ ಆ ತಂಡದೊಡನೆ ಇದ್ದವರ ಅಲಕ್ಷ್ಯದ ಬಳಿ ಬಂದು ನಿಲ್ಲುತ್ತದೆ. ಅಲಕ್ಷ್ಯವಿದ್ದಲ್ಲಿ ಕ್ರಮ ಆಗಲೇಬೇಕು. ಆದರೆ ವರ್ಷವಿಡೀ ಸಾವಿರಾರು ಜನ ಇಳಿಯುವ ನೀರಿಗೆ ನಿತ್ಯದ ಹೊಣೆ ಯಾರದು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

ಕ್ಷೇತ್ರ ಪ್ರವಾಸಿ ತಾಣವಾದ ಬಗೆ

ಮುರುಡೇಶ್ವರ ಮೂಲತಃ ಒಂದು ಪುಟ್ಟ ಕ್ಷೇತ್ರ ಮತ್ತು ಮೀನುಗಾರರ ಊರು. ರಾವಣನ ಕೈಯಿಂದ ಆತ್ಮಲಿಂಗ ತಪ್ಪಿಹೋದ ಐತಿಹ್ಯದೊಡನೆ ಗೋಕರ್ಣ, ಧಾರೇಶ್ವರ, ಗುಣವಂತೆ, ಸಜ್ಜೇಶ್ವರಗಳ ಜೊತೆಗೆ ಈ ಊರಿನ ಹೆಸರೂ ಬೆಸೆದುಕೊಂಡಿದೆ. ಮೂರು ದಿಕ್ಕಿನಲ್ಲಿ ಅರಬ್ಬೀ ಸಮುದ್ರ ಸುತ್ತುವರಿದಿರುವ ಕಂದುಕಗಿರಿ ಎಂಬ ಗುಡ್ಡದ ಮೇಲೆ ದೇಗುಲವಿದೆ. ಗುಡ್ಡದ ಇಕ್ಕೆಲಗಳಲ್ಲಿ ಮರಳ ದಂಡೆ ಚಾಚಿಕೊಂಡಿದೆ. ಆ ದಂಡೆಯ ಮೇಲೆಯೇ ಮೀನುಗಾರರ ದೋಣಿಗಳು ನಿಲ್ಲುತ್ತವೆ.

ಊರಿನ ಚಹರೆ ಬದಲಾದದ್ದು ಎರಡು ಕಾರಣಗಳಿಂದ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ಸಂಚಾರಕ್ಕೆ ತೆರೆದುಕೊಂಡಿತು, ಮುರುಡೇಶ್ವರಕ್ಕೆ ರೈಲು ನಿಲ್ದಾಣ ದಕ್ಕಿತು. ಇನ್ನೊಂದು ಕಾರಣ, ಇದೇ ಊರಿನ ಉದ್ಯಮಿ ಆರ್.ಎನ್. ಶೆಟ್ಟಿ ಅವರ ಆಸಕ್ತಿ. 2020ರ ಡಿಸೆಂಬರಿನಲ್ಲಿ ನಿಧನರಾದ ಶೆಟ್ಟಿ ಅವರು ತಮ್ಮ ಹುಟ್ಟೂರಿನಲ್ಲಿ ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದರು. ಆಸ್ಪತ್ರೆ, ವಿದ್ಯಾಸಂಸ್ಥೆ, ವಸತಿಗೃಹಗಳನ್ನು ಕಟ್ಟಿಸಿದರು. ಗುಡ್ಡದ ನೆತ್ತಿಯಲ್ಲಿ 123 ಅಡಿ ಎತ್ತರದ ಶಿವನ ಪ್ರತಿಮೆ ಎದ್ದು ನಿಂತಿತು. 2008ರಲ್ಲಿ 20 ಅಂತಸ್ತಿನ, ಸುಮಾರು 237 ಅಡಿ ಎತ್ತರದ ರಾಜಗೋಪುರ ಪೂರ್ಣಗೊಂಡಿತು. ಗೋಪುರದ ಒಳಗೆ ಲಿಫ್ಟ್ ಏರಿ ಮೇಲಿನಿಂದ ಸಮುದ್ರ ನೋಡುವ ಅನುಭವ ರಾಜ್ಯದ ಬೇರೆ ಯಾವ ದೇಗುಲದಲ್ಲೂ ಸುಲಭವಾಗಿ ದೊರೆಯುವಂಥದ್ದಲ್ಲ.

ಒಬ್ಬ ವ್ಯಕ್ತಿಯ ಸಂಕಲ್ಪದಿಂದ ಒಂದು ಊರಿನ ಆರ್ಥಿಕತೆ ಇಷ್ಟು ಬದಲಾದ ಉದಾಹರಣೆಗಳು ಕರಾವಳಿಯಲ್ಲಿ ಹೆಚ್ಚಿಲ್ಲ. ವಸತಿಗೃಹ, ಉಪಾಹಾರ ಗೃಹ, ಆಟೋ, ಎಳನೀರು, ಆಟಿಕೆ ಅಂಗಡಿ, ದೋಣಿ ವಿಹಾರ ಹೀಗೆ ನೂರಾರು ಕುಟುಂಬಗಳ ಬದುಕು ಪ್ರವಾಸಿಗರನ್ನು ನೆಚ್ಚಿಕೊಂಡಿದೆ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಒದಗಿಸುವ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂದ ಮೇಲೆ ರಾಜ್ಯದ ಪುಣ್ಯಕ್ಷೇತ್ರಗಳಿಗೆಲ್ಲ ಬರುವವರ ಸಂಖ್ಯೆ ಏರಿತು. ಅದೇ ವರ್ಷ ಬೆಂಗಳೂರಿನಿಂದ ಮೈಸೂರು ಮಾರ್ಗವಾಗಿ ಮಂಗಳೂರಿಗೆ ಬರುತ್ತಿದ್ದ ರೈಲು ಮುರುಡೇಶ್ವರದವರೆಗೆ ವಿಸ್ತರಣೆಯಾಯಿತು. ಬರುವ ದಾರಿಗಳೆಲ್ಲ ಸುಗಮವಾದವು. ಬಂದವರನ್ನು ನೋಡಿಕೊಳ್ಳಬೇಕಾದ ವ್ಯವಸ್ಥೆ ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ. ಇಷ್ಟೆಲ್ಲ ಜನರ ಭಾರವನ್ನು ಹೊತ್ತು ಈ ಊರು ಬೆಳೆದದ್ದು ಮಾವಳ್ಳಿಯ ಗ್ರಾಮ ಪಂಚಾಯಿತಿಗಳ ಆಡಳಿತದಲ್ಲಿ ಎಂಬುದನ್ನು ನೆನೆದರೆ ಅಂತರದ ಅಳತೆ ಸಿಗುತ್ತದೆ.

ಹಣ ಇರುವಲ್ಲಿ ಹೊಣೆ

ಮುರುಡೇಶ್ವರದ ಆಕರ್ಷಣೆಗಳನ್ನು ಒಂದೊಂದಾಗಿ ಗಮನಿಸಿದರೆ ಕುತೂಹಲಕರ ಸಂಗತಿಯೊಂದು ಗೋಚರಿಸುತ್ತದೆ. ರಾಜಗೋಪುರದ ಲಿಫ್ಟ್‌ಗೆ ಟಿಕೆಟ್ ಇದೆ. ಜನರನ್ನು ಸಾಲಿನಲ್ಲಿ ನಿಲ್ಲಿಸಿ, ಎಣಿಸಿ ಒಳಗೆ ಬಿಡುವ ಸಿಬ್ಬಂದಿಯಿದ್ದಾರೆ. ದೇವಸ್ಥಾನಕ್ಕೆ ಆಡಳಿತ ಮಂಡಳಿಯಿದೆ.

ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಒಂದು ಕಾಲಕ್ಕೆ ನೌಕಾಪಡೆಯ ಗುರಿ ಅಭ್ಯಾಸಕ್ಕೆ ಬಳಕೆಯಾಗಿ ವಿವಾದಕ್ಕೆ ಒಳಗಾಗಿದ್ದ ಈ ದ್ವೀಪ, ಸುತ್ತಲಿನ ಹವಳದ ದಿಬ್ಬಗಳು ಮತ್ತು ಬಣ್ಣಬಣ್ಣದ ಮೀನುಗಳಿಂದಾಗಿ ಇಂದು ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ಮಳೆಗಾಲದಲ್ಲಿ ಅಲ್ಲಿಗೆ ಪ್ರವಾಸವಿಲ್ಲ. ಉಳಿದ ತಿಂಗಳುಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಹೋಗುವವರಿಗೆ ಮೊದಲು ತರಬೇತಿ ಕೊಡುತ್ತಾರೆ, ಆರೋಗ್ಯದ ಬಗ್ಗೆ ವಿಚಾರಿಸುತ್ತಾರೆ, ಜೀವರಕ್ಷಕ ಜಾಕೆಟ್ ತೊಡಿಸುತ್ತಾರೆ. ನೀರಿನೊಳಗೆ ತರಬೇತುದಾರ ಜೊತೆಗೇ ಇರುತ್ತಾನೆ.

ಹೀಗೆ ಅತ್ಯಂತ ಅಪಾಯಕಾರಿ ಎಂದು ತೋರುವ ಸಾಹಸಕ್ಕೆ ಹೆಚ್ಚು ರಕ್ಷಣೆಯಿದೆ. ಏನೂ ಅಪಾಯವಿಲ್ಲವೆಂದು ತೋರುವ, ಸೊಂಟದ ಮಟ್ಟದ ನೀರಿನಲ್ಲಿ ಆಡುವ ಆಟಕ್ಕೆ ಕನಿಷ್ಠ ರಕ್ಷಣೆ. ಹಣ ಪಡೆದವನು ಹೊಣೆ ಹೊರುತ್ತಾನೆ. ಉಚಿತವಾಗಿ ದೊರೆಯುವ ಕಡಲು ಎಲ್ಲರದ್ದೂ ಆಗಿ, ಯಾರದ್ದೂ ಅಲ್ಲದಂತಾಗಿದೆ. ದುಡ್ಡಿದ್ದವರು ನೇತ್ರಾಣಿಗೆ ಹೋಗುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳು, ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದ ಕೂಲಿ ಕುಟುಂಬಗಳು, ಸ್ನೇಹಿತರ ಗುಂಪುಗಳು ಇಳಿಯುವುದು ಈ ಉಚಿತ ನೀರಿಗೆ. ಕರಾವಳಿ ಪ್ರವಾಸೋದ್ಯಮದ ಚರ್ಚೆಯಲ್ಲಿ ಈ ಅಸಮಾನತೆ ಅಪರೂಪಕ್ಕೂ ಪ್ರಸ್ತಾಪವಾಗುವುದಿಲ್ಲ.

ಜೀವರಕ್ಷಕರೇ ಇಲ್ಲವೆಂದು ಇದರ ಅರ್ಥವಲ್ಲ. ಸೀಟಿ ಊದಿ, ಕೂಗಿ, ಜನರನ್ನು ನೀರಿನಿಂದ ಮೇಲಕ್ಕೆ ಕರೆಯುವವರು ಇಲ್ಲಿಯೂ ಇದ್ದಾರೆ. ಎಷ್ಟೋ ಜೀವಗಳನ್ನು ಅವರು ಮತ್ತು ಸ್ಥಳೀಯ ಮೀನುಗಾರರು ಉಳಿಸಿದ್ದಾರೆ. ಆದರೆ ಉದ್ದನೆಯ ತೀರ, ರಜಾದಿನಗಳ ಜನಜಂಗುಳಿ, ಮಾತು ಕೇಳದ ಗುಂಪುಗಳ ನಡುವೆ ಬೆರಳೆಣಿಕೆಯ ಜನರಿಂದ ಆಗುವ ಕೆಲಸಕ್ಕೆ ಮಿತಿಯಿದೆ.

ಶಾಂತ ನೀರಿನ ಮೋಸ

ಅರಬ್ಬೀ ಸಮುದ್ರದಲ್ಲಿ ಮುಳುಗುವವರು ಸಾಮಾನ್ಯವಾಗಿ ದೊಡ್ಡ ಅಲೆಗೆ ಬಲಿಯಾಗುತ್ತಾರೆಂಬ ನಂಬಿಕೆ ಒಳನಾಡಿನಲ್ಲಿದೆ. ವಾಸ್ತವ ಬೇರೆ. ಅಲೆಗಳು ದಡಕ್ಕೆ ತಂದು ಸುರಿಯುವ ನೀರು ಮರಳಿ ಸಮುದ್ರಕ್ಕೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವಿನ ಕಿರಿದಾದ ಕಂಡಿಗಳಲ್ಲಿ ಅಥವಾ ಗುಡ್ಡದ ಬಂಡೆಗಳ ಅಂಚಿನಲ್ಲಿ ಆ ನೀರು ರಭಸದಿಂದ ಹೊರಕ್ಕೆ ಹರಿಯುತ್ತದೆ. ಈ ಹಿಮ್ಮುಖ ಸೆಳೆತವಿರುವ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ, ನೊರೆಯಿಲ್ಲದೆ, ಅಕ್ಕಪಕ್ಕದ ನೀರಿಗಿಂತ ಅದು ಶಾಂತವಾಗಿ ಕಾಣುತ್ತದೆ. ಕಡಲನ್ನು ಅರಿಯದವರು ಸುರಕ್ಷಿತವೆಂದು ಭಾವಿಸಿ ಆರಿಸಿಕೊಳ್ಳುವುದು ಆ ಜಾಗವನ್ನೇ.

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ. ದಡದಿಂದ ದೂರಕ್ಕೆ ಒಯ್ಯುತ್ತದೆ. ಗಾಬರಿಯಲ್ಲಿ ನೇರವಾಗಿ ದಡದತ್ತ ಈಜಲು ಯತ್ನಿಸಿದವರು ಸೋತು ಮುಳುಗುತ್ತಾರೆ. ನುರಿತ ಈಜುಗಾರನಿಗೂ ಅದರ ಎದುರು ಈಜುವುದು ಕಷ್ಟ. ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದರೆ ಮರಳುವುದು ಸಾಧ್ಯ. ಈಜು ಬಾರದವರು ತೇಲುತ್ತ ಕೈಯೆತ್ತಿ ಸಹಾಯ ಯಾಚಿಸುವುದೇ ಉಳಿದಿರುವ ದಾರಿ. ಕೈಕೈ ಹಿಡಿದು ಸಾಲಾಗಿ ನಿಂತ ಗುಂಪಿನಲ್ಲಿ ಒಬ್ಬರ ಕಾಲಡಿಯ ಮರಳು ಜಾರಿದರೆ ಪಕ್ಕದವರೂ ಜೊತೆಗೆ ಹೋಗುತ್ತಾರೆ. ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಸಾಯುವ ಘಟನೆಗಳ ಹಿಂದೆ ಇರುವುದು ಇದೇ.

ಪ್ರತಿ ಮಳೆಗಾಲ ಕಳೆದ ಮೇಲೆ ಮರಳ ದಿಬ್ಬಗಳ ಸ್ಥಾನ ಬದಲಾಗುತ್ತದೆ. ಕಳೆದ ವರ್ಷ ಮಕ್ಕಳು ಆಡಿದ ಜಾಗ ಈ ವರ್ಷ ಸುರಕ್ಷಿತವಾಗಿ ಇರಬೇಕೆಂದಿಲ್ಲ. ಇದನ್ನು ಬಲ್ಲವರು ಆ ದಡದಲ್ಲೇ ಹುಟ್ಟಿ ಬೆಳೆದ ಮೀನುಗಾರರು. ಆ ತಿಳಿವಳಿಕೆ ಬಸ್ಸಿನಿಂದ ಇಳಿದ ಅಪರಿಚಿತನಿಗೆ ತಲುಪುವ ಏರ್ಪಾಡು ಬೇಕು. ಎಲ್ಲೋ ಮೂಲೆಯಲ್ಲಿ ನೆಟ್ಟ ಎಚ್ಚರಿಕೆಯ ಫಲಕ ಆ ಕೆಲಸ ಮಾಡಲಾರದು.

ಪಾಠ ಕಲಿಯದ ಕರಾವಳಿ

2019ರ ಜನವರಿ 21ರಂದು ಕಾರವಾರ ಸಮೀಪದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. ಸತ್ತವರಲ್ಲಿ ಬಯಲುಸೀಮೆಯ ಹಾವೇರಿ ಜಿಲ್ಲೆಯವರೂ ಇದ್ದರು. 2022ರ ಏಪ್ರಿಲ್‌ನಲ್ಲಿ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. ಅದರ ಮರುತಿಂಗಳೇ ಮಲ್ಪೆಯಲ್ಲಿ ಸಂಭ್ರಮದಿಂದ ಉದ್ಘಾಟನೆಯಾದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಸಿಲುಕಿ ಚದುರಿತು. ಮಳೆಗಾಲದ ಹೊಸ್ತಿಲಿನ ಕಡಲಿಗೆ ಅಂಥ ಸೇತುವೆ ತಾಳೀತೇ ಎಂದು ಮೀನುಗಾರರಲ್ಲಿ ಯಾರನ್ನು ಕೇಳಿದ್ದರೂ ಉತ್ತರ ದೊರೆಯುತ್ತಿತ್ತು.

ಹೊಸ ಆಕರ್ಷಣೆಗೆ ಅನುದಾನ, ಉದ್ಘಾಟನೆ, ಪತ್ರಿಕಾ ಪ್ರಕಟಣೆ ಎಲ್ಲ ಸುಲಭವಾಗಿ ಒದಗುತ್ತವೆ. ಕಾವಲು ಗೋಪುರ, ರಕ್ಷಣಾ ಹಗ್ಗ, ಬಾವುಟ ಮತ್ತು ಜೀವರಕ್ಷಕನ ತಿಂಗಳ ಸಂಬಳಕ್ಕೆ ರಿಬ್ಬನ್ ಕತ್ತರಿಸುವ ಅವಕಾಶವಿಲ್ಲ. ನಿರ್ವಹಣೆಯ ಖರ್ಚು ರಾಜಕೀಯವಾಗಿ ಕಣ್ಣಿಗೆ ಬೀಳದ ಖರ್ಚು. ಅದು ಉಳಿಸಿದ ಜೀವಗಳೂ ಲೆಕ್ಕಕ್ಕೆ ಸಿಗುವುದಿಲ್ಲ; ಏಕೆಂದರೆ ಸಂಭವಿಸದ ದುರಂತ ಸುದ್ದಿಯಾಗುವುದಿಲ್ಲ.

ಪಕ್ಕದಲ್ಲೇ ಇರುವ ಮಾದರಿ

ಬೇರೆ ದಾರಿ ಸಾಧ್ಯವೆಂಬುದಕ್ಕೆ ಮುರುಡೇಶ್ವರದಿಂದ ಉತ್ತರಕ್ಕೆ 30 ಕಿಲೋಮೀಟರಿನೊಳಗೇ ನಿದರ್ಶನವಿದೆ. ಹೊನ್ನಾವರ ತಾಲ್ಲೂಕಿನ ಕಾಸರಕೋಡ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಆ ವರ್ಷ ಈ ಮಾನ್ಯತೆ ಪಡೆದ ದೇಶದ ಎಂಟು ತೀರಗಳಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿಯೂ ಸೇರಿತ್ತು. ಡೆನ್ಮಾರ್ಕ್ ಮೂಲದ ಸಂಸ್ಥೆ ನೀಡುವ ಈ ಮಾನ್ಯತೆಗೆ 33 ಮಾನದಂಡಗಳಿವೆ. ನೀರಿನ ಗುಣಮಟ್ಟ, ತ್ಯಾಜ್ಯ ನಿರ್ವಹಣೆ, ಶೌಚಾಲಯ ಮುಂತಾದವುಗಳ ಜೊತೆಗೆ ಸ್ನಾನಕ್ಕೆ ಗುರುತು ಮಾಡಿದ ಜಾಗ, ಜೀವರಕ್ಷಕರು, ಪ್ರಥಮ ಚಿಕಿತ್ಸೆಯ ವ್ಯವಸ್ಥೆಯೂ ಅವುಗಳಲ್ಲಿವೆ. ಒಂದೇ ಜಿಲ್ಲೆಯ ಒಂದು ತೀರದಲ್ಲಿ ಸಾಧ್ಯವಾದದ್ದು, ಅದಕ್ಕಿಂತ ಹೆಚ್ಚು ಹೆಸರಾದ ಮತ್ತೊಂದು ತೀರದಲ್ಲಿ ಅಸಾಧ್ಯವೆಂದು ಹೇಳಲು ಬರುವುದಿಲ್ಲ.

ನೆರೆಯ ಗೋವಾ ಇನ್ನೊಂದು ಉದಾಹರಣೆ. ಅಲ್ಲಿನ ಸರ್ಕಾರ 2008ರಲ್ಲಿ ತನ್ನ ಕಡಲತೀರಗಳ ಕಾವಲನ್ನು ವೃತ್ತಿಪರ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಸಮವಸ್ತ್ರ, ತರಬೇತಿ, ಗೋಪುರ, ವಾಹನಗಳಿರುವ ಪಡೆ ಅಲ್ಲಿ ರೂಪುಗೊಂಡಿತು. ಗೋವಾದಲ್ಲಿ ಸಾವುಗಳು ನಿಂತೇ ಹೋಗಿಲ್ಲ. ಆದರೆ ಕಡಲಿಗೆ ಇಳಿಯುವ ಪ್ರವಾಸಿಗನ ಮೇಲೆ ನಿಗಾ ಇಡುವುದು ಸರ್ಕಾರದ ಕರ್ತವ್ಯವೆಂಬ ತತ್ವ ಅಲ್ಲಿ ಸ್ಥಾಪಿತವಾಯಿತು. 300 ಕಿಲೋಮೀಟರಿಗೂ ಹೆಚ್ಚು ಉದ್ದದ ಕರಾವಳಿಯಿರುವ ಕರ್ನಾಟಕ ಆ ತತ್ವವನ್ನು ಎಲ್ಲ ಪ್ರಮುಖ ತೀರಗಳಿಗೂ ಅನ್ವಯಿಸುವುದು ಅಗತ್ಯ.

ಮುಚ್ಚುವುದು ಉತ್ತರವಲ್ಲ

ದುರಂತ ನಡೆದೊಡನೆ ತೀರವನ್ನು ಮುಚ್ಚುವುದು ಆಡಳಿತಕ್ಕೆ ಸುಲಭ. ತಕ್ಷಣದ ಎಚ್ಚರಿಕೆಯಾಗಿ ಅದು ಸಮರ್ಥನೀಯವೂ ಹೌದು. ಆದರೆ ಅದರ ಬೆಲೆ ತೆರುವವರು ಮರಳಿನ ಮೇಲೆ ಗಾಡಿ ಇಟ್ಟುಕೊಂಡ ಬಡ ವ್ಯಾಪಾರಿಗಳು. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲ ಪೂರ್ತಿ ಜಲಕ್ರೀಡೆಗಳೂ ಸ್ಥಗಿತ. ಅಕ್ಟೋಬರಿನಿಂದ ಆರಂಭವಾಗಿ ಬೇಸಿಗೆ ರಜೆಯವರೆಗಿನ ಗಳಿಕೆಯಲ್ಲೇ ವರ್ಷ ದೂಡಬೇಕಾದವರಿಗೆ ಡಿಸೆಂಬರಿನ ಒಂದೊಂದು ದಿನವೂ ಅಮೂಲ್ಯ. ಸುರಕ್ಷಿತ ತೀರದ ಅಗತ್ಯ ಪ್ರವಾಸಿಗರಿಗೆ ಎಷ್ಟಿದೆಯೋ ಅವರಿಗೂ ಅಷ್ಟೇ ಇದೆ.

ಮಾಡಬೇಕಾದ ಕೆಲಸಗಳು ಅಸಾಧ್ಯವೂ ಅಲ್ಲ, ಅತಿ ದುಬಾರಿಯೂ ಅಲ್ಲ. ಪ್ರತಿ ಮಳೆಗಾಲದ ನಂತರ ಸ್ಥಳೀಯ ಮೀನುಗಾರರ ನೆರವಿನಿಂದ ಸೆಳೆತದ ಜಾಗಗಳನ್ನು ಗುರುತಿಸಿ, ಸ್ನಾನಕ್ಕೆ ಯೋಗ್ಯವಾದ ಪಟ್ಟಿಯನ್ನು ಬಾವುಟಗಳಿಂದ ಗುರುತು ಮಾಡಬೇಕು. ಕೆಂಪು ಮತ್ತು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಕೆಂಪು ಬಾವುಟವಿದ್ದರೆ ಇಳಿಯಲೇಬಾರದು ಎಂಬ ಅಂತರರಾಷ್ಟ್ರೀಯ ಸಂಕೇತ ಓದು ಬಾರದವರಿಗೂ ಅರ್ಥವಾಗುವಂಥದ್ದು. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಅಲೆಗಳ ಮುನ್ಸೂಚನೆ ನೀಡುತ್ತದೆ. ಮೀನುಗಾರರಿಗೆ ತಲುಪುವ ಆ ಸೂಚನೆ ವಸತಿಗೃಹಗಳಿಗೂ ಬಸ್ ನಿಲ್ದಾಣಕ್ಕೂ ನಿತ್ಯ ತಲುಪುವಂತೆ ಮಾಡುವುದು ಕಷ್ಟವಲ್ಲ.

ಜೀವರಕ್ಷಕರ ಕೆಲಸವನ್ನು ತಾತ್ಕಾಲಿಕ ಕೂಲಿಯಂತೆ ಕಾಣದೆ, ವರ್ಷವಿಡೀ ವೇತನ, ವಿಮೆ, ತರಬೇತಿ ಇರುವ ಉದ್ಯೋಗವಾಗಿಸಬೇಕು. ಕಡಲನ್ನು ಬಲ್ಲ ಮೀನುಗಾರ ಯುವಕರಿಗೆ ಅದರಲ್ಲಿ ಆದ್ಯತೆ ದೊರೆತರೆ ಪ್ರವಾಸೋದ್ಯಮದ ಲಾಭದಲ್ಲಿ ಅವರಿಗೂ ನ್ಯಾಯವಾದ ಪಾಲು ಸಿಗುತ್ತದೆ. ವಾಹನ ನಿಲುಗಡೆ, ಜಲಕ್ರೀಡೆ, ವಸತಿಗಳಿಂದ ಬರುವ ಆದಾಯದ ನಿಶ್ಚಿತ ಅಂಶವನ್ನು ತೀರದ ರಕ್ಷಣೆಗೇ ಮೀಸಲಿಟ್ಟರೆ, ಟಿಕೆಟ್ ಇಲ್ಲದ ಕಡಲಿಗೂ ಹೊಣೆಗಾರರು ಸಿಕ್ಕಂತಾಗುತ್ತದೆ. ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಮತ್ತು ಪಂಚಾಯಿತಿಗಳ ನಡುವೆ ಹಂಚಿಹೋಗಿರುವ ಜವಾಬ್ದಾರಿಗೆ ಒಬ್ಬ ಅಧಿಕಾರಿಯ ಹೆಸರು ಅಂಟಿಕೊಳ್ಳಬೇಕು.

ಹೊಣೆಯ ಇನ್ನೊಂದು ತುದಿ ಶಾಲೆಯಲ್ಲಿದೆ. ಪ್ರವಾಸಕ್ಕೆ ಹೊರಡುವ ಮೊದಲು ಇಲಾಖೆಯ ಅನುಮತಿ ಪಡೆಯುವ ಪದ್ಧತಿ ಈಗಾಗಲೇ ಇದೆ. ಆ ಅನುಮತಿಯೊಡನೆ ಕಡಲಿನ ಸೆಳೆತದ ಬಗ್ಗೆ ಅರ್ಧ ಗಂಟೆಯ ಪಾಠವನ್ನು ಕಡ್ಡಾಯಗೊಳಿಸಬಹುದು. ಒಂದೇ ದಿನ ಐದಾರು ತಾಣಗಳನ್ನು ತೋರಿಸುವ ಅವಸರದಲ್ಲಿ ದಣಿದ ಮಕ್ಕಳನ್ನು ಮುಸ್ಸಂಜೆಯ ವೇಳೆಗೆ ನೀರಿಗೆ ಬಿಡುವ ವೇಳಾಪಟ್ಟಿಯೂ ಬದಲಾಗಬೇಕು.

ಕಡಲ ಹೊರತಾಗಿಯೂ ನೋಡಲು ಬೇಕಾದಷ್ಟಿದೆ

ಮುರುಡೇಶ್ವರದ ಸುತ್ತ ಕಾಣಬೇಕಾದ್ದು ಮರಳದಂಡೆಯೊಂದೇ ಅಲ್ಲ. ವಿಜಯನಗರದ ಕಾಲದಲ್ಲಿ ಕುದುರೆ ಮತ್ತು ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಭಟ್ಕಳದಲ್ಲಿ 16ನೇ ಶತಮಾನದ ಕೇತಪೈ ನಾರಾಯಣ ದೇವಾಲಯವೂ ಜೈನ ಬಸದಿಗಳೂ ಇವೆ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಶರಾವತಿಯ ದಡದಲ್ಲಿದೆ. ಅದೇ ನದಿ ಕಡಲು ಸೇರುವಲ್ಲಿ ಕಾಂಡ್ಲಾ ಕಾಡುಗಳಿವೆ. ಹತ್ತಿರದಲ್ಲೇ ಅಪ್ಸರಕೊಂಡದ ಕಿರುಜಲಪಾತವಿದೆ. ಗುಣವಂತೆಯಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಅವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆಯಿದೆ.

ಇವುಗಳನ್ನು ಜೋಡಿಸಿ ಎರಡು ದಿನಗಳ ಪ್ರವಾಸವನ್ನು ರೂಪಿಸಿದರೆ ಒಂದೇ ತೀರದ ಮೇಲಿನ ಒತ್ತಡ ತಗ್ಗುತ್ತದೆ. ಮಕ್ಕಳಿಗೆ ಚರಿತ್ರೆ, ಪರಿಸರ, ಕಲೆಗಳ ಪರಿಚಯವಾಗುತ್ತದೆ. ಸುತ್ತಲಿನ ಊರುಗಳಿಗೂ ಗಳಿಕೆಯ ಪಾಲು ಹಂಚಿಹೋಗುತ್ತದೆ. ಹಾಗೆಂದು ಕಡಲಿನ ಆಕರ್ಷಣೆ ಕಡಿಮೆಯಾಗಲಾರದು, ಆಗಬೇಕಾಗಿಯೂ ಇಲ್ಲ. ಬಯಲುಸೀಮೆಯ ಮಗುವಿಗೆ ಮೊದಲ ಅಲೆಯಲ್ಲಿ ಕಾಲು ತೋಯಿಸುವ ಸಂತೋಷವನ್ನು ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ. ಆ ಸಂತೋಷ ಸುರಕ್ಷಿತವಾಗಿರಲು ಮುಂದಿನ ಪ್ರವಾಸದ ಹಂಗಾಮಿಗೆ ಮುನ್ನ ಬಾವುಟ, ಗೋಪುರ ಮತ್ತು ತರಬೇತಾದ ಕಾವಲುಗಾರರು ತೀರದಲ್ಲಿ ಇರುವಂತೆ ನೋಡಿಕೊಳ್ಳಬೇಕಾದುದು ಸರ್ಕಾರದ ಕೆಲಸ. ನಾಲ್ವರು ಬಾಲಕಿಯರ ಸಾವಿನಿಂದ ಕಲಿಯಬಹುದಾದ ಕನಿಷ್ಠ ಪಾಠ ಇದು.